ಹಸಿ ನೆಲದಲ್ಲೂ ಬಾಯಾರುವ ಬೀಜ

ಬಿತ್ತನೆ ಭತ್ತದ ಚೀಲದ ಬಾಯಿಗೆ ಹೊಲಿದ ಚೀಟಿಯ ಮೇಲೆ ಮೊಳಕೆ ಪ್ರಮಾಣ ಕನಿಷ್ಠ ಶೇ 80 ಎಂದು ಅಚ್ಚಾಗಿರುತ್ತದೆ. ಜೋಳಕ್ಕೂ ಸಜ್ಜೆಗೂ ಈ ಅಂಕಿ ಶೇ 75. ಈ ಲೆಕ್ಕ ಸುಳ್ಳಲ್ಲ. ಆದರೆ ಅದು ಹುಟ್ಟಿದ್ದು ಪ್ರಯೋಗಾಲಯದಲ್ಲಿ. ಒದ್ದೆ ಕಾಗದದ ನಡುವೆಯೋ ತೊಳೆದ ಮರಳಿನಲ್ಲೋ ಬೀಜ ಇಟ್ಟು, ಒಳ್ಳೆಯ ನೀರು ಕೊಟ್ಟು, ಹಿತವಾದ ಬಿಸುಪಿನಲ್ಲಿ ಮೊಳೆಸಿ ಎಣಿಸಿದ ಲೆಕ್ಕ. ಅದೇ ಬೀಜ ಗಂಗಾವತಿ, ಕಾರಟಗಿ ಕಡೆಯ ತಗ್ಗಿನ ಎರೆ ಹೊಲಕ್ಕೆ ಬಿದ್ದಾಗ ಹೊಲದ ಒಂದು ಮಗ್ಗುಲು ಹಸಿರೇರುತ್ತದೆ, ಇನ್ನೊಂದು ಮಗ್ಗುಲು ಬೋಳಾಗಿ ಉಳಿಯುತ್ತದೆ.

"ಇದೆಂಥಾ ಬೀಜ ಕೊಟ್ಟೀರಿ ಸಾವ್ಕಾರ್ರ, ಅರ್ಧಾನೂ ಹುಟ್ಟಿಲ್ಲ" ಎಂದು ರೈತ ಅಂಗಡಿಗೆ ಬರುತ್ತಾನೆ. "ಬೀಜದ್ದೇನ್ ತಪ್ಪಿಲ್ರಿ ಗೌಡ್ರ, ನಿಮ್ಮ ಹೊಲಾನ ಸವಳ ಐತಿ" ಎಂದು ಅಂಗಡಿಯವನು ಕೈ ತೊಳೆದುಕೊಳ್ಳುತ್ತಾನೆ. ಮುಂಗಾರು ಬಂದಾಗಲೆಲ್ಲ ಈ ಜಗಳ ಇದ್ದದ್ದೇ. ಬೀಜ ಕೆಟ್ಟಿತ್ತೋ, ಮಣ್ಣು ಕೆಟ್ಟಿತ್ತೋ ಎಂಬುದನ್ನು ಬಾಯಿಮಾತಿನಲ್ಲಿ ತೀರ್ಮಾನಿಸಲಾಗದು. ಮೊಳೆಯದ ಬೀಜವನ್ನು ನೆಲದಿಂದ ಕೆದಕಿ ನೋಡಿದರೆ ಉತ್ತರ ಬಹುಮಟ್ಟಿಗೆ ಅದರಲ್ಲೇ ಇರುತ್ತದೆ. ಕೇಳುಗರೇ, ಆ ಬೀಜವನ್ನು ಓದುವುದು ಹೇಗೆ ಎಂಬುದೇ ಇಂದಿನ ಮಾತು.

ಮೊದಲು ಈ ಸೀಮೆಗೆ ಉಪ್ಪು ಎಲ್ಲಿಂದ ಬಂತು ಎಂದು ನೋಡಬೇಕು. ತುಂಗಭದ್ರೆಯ ನೀರು ಸಿಹಿ ನೀರು. ಅದರ ಮೇಲೆ ದೂರು ಹೊರಿಸುವಂತಿಲ್ಲ. 1945ರಲ್ಲಿ ಆರಂಭವಾದ ಅಣೆಕಟ್ಟಿನ ಕೆಲಸ ಮುಂದುವರಿದು 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆ ಕೊಪ್ಪಳ, ಗಂಗಾವತಿ ಸೀಮೆ ದಾಟಿ ರಾಯಚೂರಿನ ಕಡೆಗೆ ಸಾಗುತ್ತದೆ. ಬರಗಾಲದ ನಾಡಿನ ಆದಷ್ಟು ಹೆಚ್ಚು ಹೊಲಗಳಿಗೆ ಸ್ವಲ್ಪ ಸ್ವಲ್ಪ ನೀರು ಹಂಚಿ ಜೋಳ, ಹತ್ತಿ, ಶೇಂಗಾದಂಥ ಬೆಳೆ ಉಳಿಸಬೇಕು ಎಂಬುದು ಯೋಜನೆಯ ಮೂಲ ಲೆಕ್ಕ. ಭತ್ತಕ್ಕೆ ಮೀಸಲಿಟ್ಟ ಪಾಲು ಚಿಕ್ಕದು. ಆಂಧ್ರದ ಕರಾವಳಿಯಿಂದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು, ಭತ್ತದ ಬೇಸಾಯ ಹಬ್ಬಿತು, ಸ್ಥಳೀಯರೂ ಅದಕ್ಕೇ ಒಲಿದರು. ಗಂಗಾವತಿ ಭತ್ತದ ಕಣಜವಾಯಿತು. ಆ ದುಡಿಮೆ ದೊಡ್ಡದು, ಅದರಿಂದ ಊರುಗಳು ಬೆಳೆದದ್ದೂ ನಿಜ. ಆದರೆ ಎರೆ ಮಣ್ಣಿಗೆ ವರ್ಷಕ್ಕೆ ಎರಡು ಬೆಳೆಯ ನೀರು ನಿಲ್ಲಿಸಿದಾಗ ನೆಲದಡಿಯ ನೀರಿನ ಮಟ್ಟ ಮೇಲೆ ಬಂತು. ಮಳೆ ಕಡಿಮೆ ಇರುವ ಸೀಮೆಯ ಎರೆ ಮಣ್ಣಿನ ಆಳದಲ್ಲಿ ಸಾವಿರಾರು ವರ್ಷಗಳಿಂದ ತೊಳೆದುಹೋಗದೆ ಕೂತಿದ್ದ ಉಪ್ಪು ಆ ನೀರಿನಲ್ಲಿ ಕರಗಿ ಮೇಲೇರಿತು. ಬಿಸಿಲಿಗೆ ನೀರು ಆರಿತು, ಉಪ್ಪು ಮೇಲುಮಣ್ಣಿನಲ್ಲೇ ಉಳಿಯಿತು.

ಕಾಲುವೆ ನೀರೂ ಪೂರ್ತಿ ಬರಿಗೈಯಲ್ಲಿ ಬರುವುದಿಲ್ಲ. ಲೀಟರಿಗೆ 200 ಮಿಲಿಗ್ರಾಂ ಉಪ್ಪು ಇರುವ ನೀರನ್ನು ಯಾರಾದರೂ ಒಳ್ಳೆಯ ನೀರೆಂದೇ ಕರೆಯುತ್ತಾರೆ. ಅಂಥ ನೀರನ್ನೇ ಒಂದು ಹೆಕ್ಟೇರಿಗೆ ಒಂದು ಬೆಳೆಯಲ್ಲಿ ಒಟ್ಟು ಒಂದು ಮೀಟರ್ ಎತ್ತರದಷ್ಟು ಹಾಯಿಸಿದರೆ ಜೊತೆಗೆ 2 ಟನ್ ಉಪ್ಪು ಹೊಲ ಸೇರುತ್ತದೆ. ಹೆಚ್ಚಿನ ನೀರು ಬಸಿದು ಹೊರಹೋಗುವ ದಾರಿ ಇದ್ದರೆ ಚಿಂತೆಯಿಲ್ಲ. ಆನೆಗೊಂದಿ ಕಡೆಯ ವಿಜಯನಗರ ಕಾಲದ ಕಾಲುವೆಗಳ ಕೆಳಗೆ ಶತಮಾನಗಳಿಂದ ಗದ್ದೆ ಬೇಸಾಯ ನಡೆದಿದೆ. ಅಲ್ಲಿ ನದಿ ಪಕ್ಕದಲ್ಲೇ ಇರುವುದರಿಂದ ಬಸಿದ ನೀರಿಗೆ ಮರಳುವ ದಾರಿ ಹತ್ತಿರ. ಹಳ್ಳ ಹೂಳು ತುಂಬಿದ, ಸುತ್ತಲಿನ ಗದ್ದೆಗಳಿಗಿಂತ ತಗ್ಗಾದ ಎರೆ ಹೊಲಕ್ಕೆ ಆ ಭಾಗ್ಯವಿಲ್ಲ. ಸರ್ಕಾರದ ಕಡತಗಳಲ್ಲಿ ಸವಳು-ಜವಳು ಎಂದು ಕಾಣುವ ಭೂಮಿ ಇದು. ದೇಶದಲ್ಲಿ ಉಪ್ಪು ಮತ್ತು ಕ್ಷಾರದಿಂದ ಕೆಟ್ಟ ನೆಲ ಒಟ್ಟು 67 ಲಕ್ಷ ಹೆಕ್ಟೇರು ಮೀರುತ್ತದೆ ಎಂಬುದು ಹರಿಯಾಣದ ಕರ್ನಾಲಿನಲ್ಲಿರುವ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯ ಲೆಕ್ಕ.

ಈಗ ನೆಲದೊಳಕ್ಕೆ ಹೋಗೋಣ. ಒಣ ಬೀಜ ಮೊದಲು ಮಾಡುವ ಕೆಲಸ ನೀರು ಕುಡಿಯುವುದು. ಮೆಕ್ಕೆಜೋಳದ ಕಾಳಿನ ತೇವಾಂಶ ಸುಮಾರು ಶೇ 30ಕ್ಕೆ, ಭತ್ತದ್ದು ಸುಮಾರು ಶೇ 26ಕ್ಕೆ ಏರದೆ ಮೊಳಕೆ ಹೊರಡದು. ನೀರು ಒಳಸೇರಿದ ಮೇಲೆ ಭ್ರೂಣದಿಂದ ಒಂದು ರಾಸಾಯನಿಕ ಸಂದೇಶ ಕಾಳಿನ ಹೊರಪದರಕ್ಕೆ ಹೋಗುತ್ತದೆ. ಅಲ್ಲಿ ಹುಟ್ಟುವ ಕಿಣ್ವ ಹಿಟ್ಟನ್ನು ಸಕ್ಕರೆಯಾಗಿ ಒಡೆಯುತ್ತದೆ. ಎಲೆ ಬಿಟ್ಟು ಬಿಸಿಲು ಉಣ್ಣುವ ತನಕ ಸಸಿಗೆ ಇದೇ ಬುತ್ತಿ. ಮೊದಲ ನೀರು ತಡವಾದರೆ ಮುಂದಿನ ಎಲ್ಲವೂ ತಡ.

ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಹೋಳಿನ ನೀರೆಲ್ಲ ಹೊರಬಂದು ಹೋಳು ಮುರುಟುತ್ತದೆ. ಸವಳು ಮಣ್ಣಿನಲ್ಲಿ ಬೀಜದ ಮೇಲೆ ನಡೆಯುವ ಎಳೆದಾಟವೂ ಅದೇ. ಬೀಜ ತನ್ನ ಕಡೆಗೆ ನೀರೆಳೆಯುತ್ತದೆ, ಮಣ್ಣಿನ ಉಪ್ಪು ತನ್ನ ಕಡೆಗೆ ಹಿಡಿದಿಡುತ್ತದೆ. ಈ ಹಿಡಿತವನ್ನು ಅಳೆಯಬಹುದು. ಮಣ್ಣಿನ ನೀರಿನಲ್ಲಿ ಕರಗಿದ ಉಪ್ಪನ್ನು ವಿದ್ಯುತ್ ವಾಹಕತೆಯಿಂದ ತಿಳಿಯುತ್ತಾರೆ. ಅದರ ಮಾನ ಮೀಟರಿಗೆ ಡೆಸಿಸೀಮನ್ಸ್. ಒಂದು ಡೆಸಿಸೀಮನ್ಸ್ ಏರಿದರೆ ನೀರಿನ ಮೇಲಿನ ಹಿಡಿತ ಸುಮಾರು 0.36 ವಾಯುಭಾರದಷ್ಟು ಬಿಗಿಯುತ್ತದೆ. ಮಣ್ಣನ್ನು ನೀರಿನಿಂದ ಪೂರ್ತಿ ತೋಯಿಸಿ ತೆಗೆದ ರಸದಲ್ಲಿ ಈ ಅಂಕಿ 4 ದಾಟಿದರೆ ಆ ನೆಲ ಸವಳು ಎಂದು ವಿಜ್ಞಾನಿಗಳು ಗೆರೆ ಎಳೆದಿದ್ದಾರೆ. ಆದರೆ ಬಿತ್ತನೆಯ ಹೊಲ ಅಷ್ಟು ತೋಯ್ದಿರುವುದಿಲ್ಲ. ಹದವಾದ ಹಸಿಯಲ್ಲಿ ನೀರು ಅರ್ಧಕ್ಕಿಳಿದರೆ ಉಪ್ಪಿನ ಸಾಂದ್ರತೆ ದುಪ್ಪಟ್ಟು: 4 ಎಂದದ್ದು 8 ಆಗುತ್ತದೆ. ಕೈಯಲ್ಲಿ ಹಿಡಿದರೆ ಮಣ್ಣು ತಂಪಾಗಿಯೇ ಇರುತ್ತದೆ, ರೈತ ಹದವಾಗಿದೆ ಎಂದೇ ನಂಬುತ್ತಾನೆ. ಬೀಜಕ್ಕೆ ಮಾತ್ರ ನೀರು ದಕ್ಕುವುದಿಲ್ಲ.

ಉಪ್ಪು ಕಡೆಗೂ ಬೀಜದೊಳಕ್ಕೆ ನುಗ್ಗಿದರೆ ಇನ್ನೊಂದು ಹಾನಿ. ಸೋಡಿಯಂ ಮತ್ತು ಕ್ಲೋರೈಡ್ ಮೊಳಕೆಯ ಎಳೆಯ ಜೀವಕೋಶಗಳಿಗೆ ವಿಷ. ಕಿಣ್ವಗಳ ಕೆಲಸಕ್ಕೆ ಬೇಕಾದ ಪೊಟ್ಯಾಸಿಯಂ ಸ್ಥಾನವನ್ನು ಸೋಡಿಯಂ ಆಕ್ರಮಿಸುತ್ತದೆ. ಬರೀ ಬಾಯಾರಿಕೆಯಿಂದ ನಿಂತ ಬೀಜ ಒಳ್ಳೆಯ ಮಳೆ ಬಿದ್ದು ಉಪ್ಪು ತೊಳೆದುಹೋದರೆ ಮತ್ತೆ ಎದ್ದೇಳಬಹುದು. ವಿಷ ತಾಗಿದ ಮೊಳಕೆಗೆ ಆ ದಾರಿ ಇಲ್ಲ.

ರೈತರು ಭತ್ತದ ಜೊಳ್ಳು ತೆಗೆಯಲು ಬೀಜವನ್ನು ಉಪ್ಪು ನೀರಿಗೆ ಹಾಕುವುದುಂಟು. ಮೊಟ್ಟೆ ತೇಲುವಷ್ಟು ಉಪ್ಪು ಕದಡಿ, ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ಎರಡು ಮೂರು ಸಲ ಒಳ್ಳೆಯ ನೀರಿನಲ್ಲಿ ತೊಳೆಯುತ್ತಾರೆ. ತೊಳೆಯದೆ ಬಿಟ್ಟರೆ ಮೊಳಕೆ ಕೆಡುತ್ತದೆ ಎಂದು ಅವರಿಗೆ ಗೊತ್ತು. ಬುಟ್ಟಿಯ ಬೀಜಕ್ಕೆ ತೋರುವ ಈ ಕಾಳಜಿಯನ್ನು ಹೊಲದ ಮೇಲುಮಣ್ಣಿಗೂ ತೋರಿದರೆ ಅರ್ಧ ಸಮಸ್ಯೆ ಕಳೆಯುತ್ತದೆ.

ಯಾವ ಧಾನ್ಯ ಎಷ್ಟು ಉಪ್ಪು ತಾಳುತ್ತದೆ? ಇಲ್ಲಿ ಅನೇಕರು ಮೋಸಹೋಗುವ ಸಂಗತಿ ಒಂದಿದೆ. ಮೊಳೆಯುವಾಗಿನ ತಾಳಿಕೆ ಬೇರೆ, ಬೆಳೆಯುವಾಗಿನ ತಾಳಿಕೆ ಬೇರೆ. ಮೆಕ್ಕೆಜೋಳದ ಅರ್ಧದಷ್ಟು ಬೀಜ 21ರಿಂದ 24 ಡೆಸಿಸೀಮನ್ಸಿನ ಉಪ್ಪಿನಲ್ಲೂ ಮೊಳೆತು ಮೇಲೆ ಬಂದ ದಾಖಲೆಯಿದೆ. ಆದರೆ ಅದರ ಇಳುವರಿ 1.7 ದಾಟಿದೊಡನೆ ಕುಸಿಯತೊಡಗಿ 6ರ ಹತ್ತಿರಕ್ಕೆ ಅರ್ಧವಾಗುತ್ತದೆ. ಜೋಳದ ನಡತೆ ಇದಕ್ಕೆ ತಿರುಗುಮುರುಗು. ಮೊಳಕೆಯಲ್ಲಿ 13ಕ್ಕೇ ಅರ್ಧ ಸೋಲುತ್ತದೆ, ಬೆಳೆದು ನಿಂತ ಮೇಲೆ 6.8ರ ತನಕ ಇಳುವರಿ ಬಿಟ್ಟುಕೊಡುವುದಿಲ್ಲ. ಗೋಧಿ 6ರ ತನಕ, ಜವೆಗೋಧಿ 8ರ ತನಕ ತಾಳುತ್ತವೆ. ಭತ್ತ ಮೊಳಕೆಯಲ್ಲಿ ಗಟ್ಟಿ; ಎರಡು ಮೂರು ಎಲೆಯ ಸಸಿಯಾದಾಗ ಬಹಳ ಮೆತ್ತಗೆ; ತೆಂಡೆಯೊಡೆಯುವಾಗ ಮತ್ತೆ ಗಟ್ಟಿ; ಹೂವಿನ ಹೊತ್ತಿಗೆ ಇನ್ನೊಮ್ಮೆ ಮೆತ್ತಗೆ. ಅದರ ಇಳುವರಿಯ ಗಡಿ 3. ಹಸಿರು ಮೂಡಿತೆಂದು ನೆಮ್ಮದಿಯಾಗಿದ್ದ ಭತ್ತದ ರೈತ ಹದಿನೈದನೆಯ ದಿನಕ್ಕೆ ಎಲೆತುದಿ ಸುಟ್ಟು ಸಸಿ ಸಾಯುವುದನ್ನು ನೋಡುವುದು ಇದೇ ಕಾರಣಕ್ಕೆ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಲ್ಲಿ ಜೋಳ ಬಿಟ್ಟು ಮೆಕ್ಕೆಜೋಳಕ್ಕೆ ಹೊರಳಿದವರು ತಮ್ಮ ಹೊಲದ ಸವಳು ಮಗ್ಗುಲನ್ನಾದರೂ ಜೋಳಕ್ಕೇ ಬಿಡುವುದು ಲೇಸು. ಬೀಜ ತುಸು ಹೆಚ್ಚು ಹಾಕಿ ಮೊಳಕೆಯ ಗಂಡಾಂತರ ದಾಟಿಸಿದರೆ ಮುಂದಿನದನ್ನು ಜೋಳ ತಾನೇ ನಿಭಾಯಿಸುತ್ತದೆ.

ಉಪ್ಪಿನ ಲೆಕ್ಕ ರೈತನ ಕೈಯಲ್ಲಿ ಬೆಳೆಯನ್ನೇ ಬದಲಿಸಿದ್ದಕ್ಕೆ ಹಳೆಯ ನಿದರ್ಶನವುಂಟು. ಈಗಿನ ಇರಾಕಿನ ದಕ್ಷಿಣ ಭಾಗದಲ್ಲಿ ನಾಲ್ಕೈದು ಸಾವಿರ ವರ್ಷಗಳ ಹಿಂದೆ ಗೋಧಿ ಹಿಂದೆ ಸರಿದು ಜವೆಗೋಧಿ ಮುಂದೆ ಬಂತು ಎಂದು ಜೇಕಬ್ಸನ್ ಮತ್ತು ಆಡಮ್ಸ್ ಎಂಬ ವಿದ್ವಾಂಸರು 1958ರಲ್ಲಿ ಬರೆದರು. ಕಾಲುವೆ ನೀರಾವರಿಯಿಂದ ಏರಿದ ಸವಳನ್ನು ಅವರು ಕಾರಣವಾಗಿ ತೋರಿಸಿದರು. ಅದು ಪೂರ್ತಿ ನಿಜವೇ ಎಂದು ಆಮೇಲಿನವರು ಪ್ರಶ್ನಿಸಿದ್ದಾರೆ.

ಇದುವರೆಗೆ ಹೇಳಿದ್ದು ಸವಳಿನ ಕತೆ. ಕ್ಷಾರದ ನೆಲದ ರೋಗ ಬೇರೆ, ಮದ್ದೂ ಬೇರೆ. ಬೇಸಿಗೆಯಲ್ಲಿ ಬಿಳಿ ಪುಡಿ ಮೇಲೆದ್ದು ಕಾಣುವ ನೆಲ ಬಹುತೇಕ ಸವಳಿನದು. ಕ್ಷಾರದ ನೆಲದಲ್ಲಿ ಉಪ್ಪು ಅಷ್ಟಾಗಿ ಕಾಣದು; ಮಣ್ಣಿನ ಕಣಗಳಿಗೇ ಸೋಡಿಯಂ ಅಂಟಿರುತ್ತದೆ. ರಸಸಾರ 8.5 ದಾಟಿರುತ್ತದೆ, ಕಣಗಳು ಹಿಡಿದಿಟ್ಟ ಧಾತುಗಳಲ್ಲಿ ಸೋಡಿಯಂ ಪಾಲು ಶೇ 15 ಮೀರಿರುತ್ತದೆ. ಸೋಡಿಯಂ ಅಂಟಿದ ಜೇಡಿ ಕಣಗಳು ನೀರು ಬಿದ್ದೊಡನೆ ಒಂದನ್ನೊಂದು ಬಿಟ್ಟು ಚದುರಿ, ಮಣ್ಣಿನ ಸೂಕ್ಷ್ಮ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ಮಳೆ ನೀರು ಕದಡಿಕೊಂಡು ಮೇಲೆಯೇ ನಿಲ್ಲುತ್ತದೆ. ಬೀಜಕ್ಕೆ ನೀರು ಸಿಕ್ಕರೂ ಉಸಿರಾಡಲು ಗಾಳಿ ಇಲ್ಲ. ಆಮೇಲೆ ಬಿಸಿಲು ಬಿದ್ದರೆ ಅದೇ ನೆಲ ಬಿರುಸಾಗಿ ಹೆಪ್ಪುಗಟ್ಟುತ್ತದೆ. ಮೊಳೆತ ಸಸಿ ಆ ಹೆಪ್ಪನ್ನು ಒಡೆಯಲಾರದೆ ಅಡಿಯಲ್ಲೇ ಅಡ್ಡ ತಿರುಗಿ, ಹಳದಿಯಾಗಿ, ಬುತ್ತಿ ಮುಗಿದು ಸಾಯುತ್ತದೆ.

ಕಾಳು ಚಿಕ್ಕದಾದಷ್ಟೂ ಈ ಹೆಪ್ಪಿನ ಪೆಟ್ಟು ಜೋರು. ಸಜ್ಜೆಯ ಸಾವಿರ ಕಾಳು ತೂಗಿದರೆ ಹತ್ತು ಗ್ರಾಂ ಆಸುಪಾಸು. ಅದರ ಬುತ್ತಿ ಎಷ್ಟಿರಬೇಕು! ಕುಷ್ಟಗಿಯ ಮಸಾರಿ ಹೊಲಗಳಲ್ಲಿ ಕ್ಷಾರ ಇಲ್ಲದಿದ್ದರೂ ಬಿತ್ತಿದ ಮರುದಿನ ಜೋರು ಮಳೆ ಬಿದ್ದು ಮೇಲ್ಮಣ್ಣು ಹೆಪ್ಪುಗಟ್ಟಿದರೆ ಸಜ್ಜೆ ಏಳುವುದಿಲ್ಲ. ಹಾಗಾಗಿ ಹೆಪ್ಪು ಕಂಡ ಕಡೆಯೆಲ್ಲ ಕ್ಷಾರ ಎಂದುಕೊಂಡು ಜಿಪ್ಸಂ ಚೆಲ್ಲಲು ಹೊರಡಬಾರದು. ಮೊದಲು ರಸಸಾರ ನೋಡಿಸಬೇಕು.

ಕುಷ್ಟಗಿ, ಯಲಬುರ್ಗಾಕ್ಕೆ ತುಂಗಭದ್ರೆಯ ಎಡದಂಡೆ ಕಾಲುವೆಯಿಲ್ಲ. ಮಳೆ ವರ್ಷಕ್ಕೆ 600 ಮಿಲಿಮೀಟರ್ ಮುಟ್ಟುವುದೇ ಕಷ್ಟವಾದ ಈ ಕಡೆಗೆ ಉಪ್ಪು ಬರುವ ದಾರಿ ಕೊಳವೆಬಾವಿ. ಸವುಳು ನೀರು ಎಂದು ಜನ ಬಾಯಿಗೆ ಹಾಕದ ನೀರನ್ನೂ ಹೊಲಕ್ಕೆ ಬಿಡುತ್ತಾರೆ. ನೀರಾವರಿಯ ನೀರು 0.7 ಡೆಸಿಸೀಮನ್ಸಿನ ಒಳಗಿದ್ದರೆ ಯಾವ ಬೆಳೆಗೂ ಅಡ್ಡಿಯಿಲ್ಲ, 3 ದಾಟಿದರೆ ಬಲು ಎಚ್ಚರ ಬೇಕು. ರುಚಿಗೆ ಅಷ್ಟೇನೂ ಉಪ್ಪಲ್ಲದ, ಆದರೆ ಬೈಕಾರ್ಬೊನೇಟ್ ಹೆಚ್ಚಿರುವ ನೀರು ಇನ್ನೂ ಕಪಟಿ. ಅದು ಮಣ್ಣಿನ ಕ್ಯಾಲ್ಸಿಯಮನ್ನು ಸುಣ್ಣವಾಗಿ ಕೂರಿಸಿ, ಸೋಡಿಯಮಿಗೆ ಜಾಗ ಮಾಡಿಕೊಟ್ಟು, ಕೆಲವು ವರ್ಷಗಳಲ್ಲಿ ಒಳ್ಳೆಯ ನೆಲವನ್ನು ಕ್ಷಾರಕ್ಕೆ ತಿರುಗಿಸುತ್ತದೆ. ನೀರಿನ ಪರೀಕ್ಷೆ ಮಾಡಿಸದೆ ಕೊಳವೆಬಾವಿಗೆ ಮೋಟಾರು ಇಳಿಸುವುದು ಈ ಎರಡು ತಾಲ್ಲೂಕುಗಳಲ್ಲಿ ನಿಲ್ಲಬೇಕಾದ ರೂಢಿ.

ಇನ್ನು ಬೀಜ ಓದುವ ವಿಚಾರ. ಬಿತ್ತಿ ಎಂಟು ಹತ್ತು ದಿನ ಕಳೆದರೂ ಬೋಳಾಗಿರುವ ಕಡೆ ಸಾಲು ಹಿಡಿದು ಮಣ್ಣನ್ನು ಮೆಲ್ಲಗೆ ಕೆದಕಿ ಹತ್ತಾರು ಬೀಜ ಹೊರತೆಗೆಯಬೇಕು. ಬೀಜ ಊದಿಕೊಳ್ಳದೆ, ಬಿತ್ತಿದಾಗಿನಂತೆಯೇ ಗಟ್ಟಿಯಾಗಿದ್ದು, ಸುತ್ತಲಿನ ಮಣ್ಣು ಹಸಿಯಾಗಿದ್ದರೆ ಅದು ಉಪ್ಪಿನ ಬಾಯಾರಿಕೆ. ಆ ಬೀಜಗಳನ್ನು ತೊಳೆದು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟರೆ ಕೆಲವಾದರೂ ಮೊಳೆಯುತ್ತವೆ, ಅಲ್ಲಿಗೆ ಅಂಗಡಿಯವನ ತಪ್ಪಿಲ್ಲ ಎಂದಾಯಿತು. ಬೀಜ ಊದಿ, ಹಿಸುಕಿದರೆ ಹಾಲಿನಂತೆ ಪಿಚ್ಚನೆ ಒಡೆದು ನಾತ ಬಂದರೆ ನೀರು ನಿಂತು ಉಸಿರುಗಟ್ಟಿದೆ. ಮೊಳಕೆ ಹೊರಟು ಮುರುಟಿ ಅಡ್ಡ ಮಲಗಿದ್ದರೆ ಹೆಪ್ಪು. ಮೊಳಕೆಯ ತುದಿ ಕಂದಿ ಬೇರು ಮೊಂಡಾಗಿದ್ದರೆ ವಿಷ. ಇವೊಂದೂ ಅಲ್ಲದೆ, ಹೊಲದ ಒಳ್ಳೆಯ ಮಗ್ಗುಲಲ್ಲೂ ಸವಳು ಮಗ್ಗುಲಲ್ಲೂ ಒಂದೇ ಸಮನೆ ತೆಳ್ಳಗೆ ಹುಟ್ಟಿದ್ದರೆ ಆಗ ಬೀಜದ ಮೇಲೆ ಅನುಮಾನ ಪಡುವುದು ನ್ಯಾಯ.

ಇದಕ್ಕಿಂತ ಬಿತ್ತುವ ಮೊದಲೇ ತಿಳಿಯುವುದು ಮೇಲಲ್ಲವೇ? ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಮೊಳೆಸಿ ಎಣಿಸುವುದು ಎಷ್ಟೋ ಮನೆಗಳಲ್ಲಿ ರೂಢಿ. ಅದರ ಜೊತೆಗೆ ಇನ್ನೊಂದು ನೂರು ಕಾಳನ್ನು ಹೊಲದ ಸವಳು ಮಗ್ಗುಲಿನ ಮೇಲುಮಣ್ಣಿನಲ್ಲಿ, ಆ ಹೊಲಕ್ಕೇ ಹಾಯಿಸುವ ನೀರಿನಲ್ಲಿ ಮೊಳೆಸಬೇಕು. ಎರಡು ಎಣಿಕೆಗಳ ನಡುವಿನ ವ್ಯತ್ಯಾಸವೇ ಮಣ್ಣಿನ ಪಾಲು. ಖರ್ಚು ಒಂದು ಹಿಡಿ ಕಾಳು.

ಮಣ್ಣು ಪರೀಕ್ಷೆಯ ಚೀಟಿ ಓದುವಾಗಲೂ ಎರಡು ಸಂಗತಿ ನೆನಪಿರಲಿ. ಚೀಟಿಯ ವಾಹಕತೆಯನ್ನು ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆದಿರುತ್ತಾರೆ. ತೆಳುವಾದ ನೀರಿನಲ್ಲಿ ಅಂಕಿ ಕಡಿಮೆ ಬರುತ್ತದೆ. ಅಲ್ಲಿ 1ರ ಒಳಗೆ ಇದ್ದರೆ ತೊಂದರೆಯಿಲ್ಲ. 1ರಿಂದ 2ರ ನಡುವೆ ಇದ್ದರೆ ಮೊಳಕೆಗೇ ಅಪಾಯ ಎಂದು ತಿಳಿಯಬೇಕು. 4ರ ಗಡಿಯನ್ನು ನೆನೆದು, ನಮ್ಮದು ಒಂದೂವರೆ ಅಷ್ಟೇ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಎರಡನೆಯದು, ಮಾದರಿಗೆ ಮಣ್ಣು ತೆಗೆಯುವುದು 15 ಸೆಂಟಿಮೀಟರ್ ಆಳದ ತನಕ, ಬೀಜ ಬೀಳುವುದು ಮೇಲಿನ ನಾಲ್ಕೈದು ಸೆಂಟಿಮೀಟರಿನಲ್ಲಿ. ಬೇಸಿಗೆ ಮುಗಿವ ಹೊತ್ತಿಗೆ ಉಪ್ಪು ದಟ್ಟವಾಗಿ ಕೂತಿರುವುದೂ ಅಲ್ಲೇ. ಸರಾಸರಿಯಲ್ಲಿ ಅದು ಮುಚ್ಚಿಹೋಗುತ್ತದೆ. ಸವಳು ಹೊಲದವರು ಮೇಲಿನ ಪದರದ ಮಣ್ಣನ್ನು ಬೇರೆಯೇ ಒಂದು ಚೀಲದಲ್ಲಿ ಕಟ್ಟಿ ಕೊಡುವುದು ಒಳ್ಳೆಯದು.

ಕಾಲುವೆ ಕೊನೆಯ ಹೊಲಗಳಲ್ಲಿ ಕೂರಿಗೆಯಿಂದ ನೇರವಾಗಿ ಬಿತ್ತುವ ಭತ್ತ ಹೆಚ್ಚುತ್ತಿರುವುದರಿಂದ ಮೇಲುಮಣ್ಣಿನ ಉಪ್ಪಿನ ಮಾತಿಗೆ ಈಗ ತೂಕ ಬಂದಿದೆ. ನಾಟಿ ಪದ್ಧತಿಯಲ್ಲಿ ಬೀಜ ಮೊಳೆಯುವುದು ಆರಿಸಿದ ಒಳ್ಳೆಯ ಜಾಗದ ಸಸಿ ಮಡಿಯಲ್ಲಿ. ಸವಳಿಗೆ ಬರುವಾಗ ಸಸಿಗೆ ವಯಸ್ಸಾಗಿರುತ್ತದೆ. 30, 35 ದಿನದ ಬಲಿತ ಸಸಿಗಳನ್ನು ಗುಣಿಗೆ ಮೂರು ನಾಲ್ಕರಂತೆ ಒತ್ತಾಗಿ ನಾಟಿದರೆ ಬಹಳಷ್ಟು ಉಳಿಯುತ್ತವೆ. ಕೂರಿಗೆಯಲ್ಲಿ ನೀರು, ಕೂಲಿ ಎರಡೂ ಉಳಿತಾಯ ನಿಜ, ಆದರೆ ಮೊಳಕೆಯೂ ಎಳೆ ಸಸಿಯ ದಿನಗಳೂ ಸವಳಿನಲ್ಲೇ ಕಳೆಯಬೇಕು. ಹೊಲದ ಸವಳು ಮಗ್ಗುಲನ್ನು ನಾಟಿಗೇ ಬಿಟ್ಟು ಉಳಿದದ್ದನ್ನು ಕೂರಿಗೆಗೆ ಕೊಡುವುದು ಜಾಣತನ. ಕೂರಿಗೆಯನ್ನೇ ಹೂಡುವುದಾದರೆ ಮೊದಲ ಮಳೆಗೆ ಅವಸರ ಮಾಡದೆ, ಒಂದೆರಡು ದೊಡ್ಡ ಮಳೆ ಉಪ್ಪನ್ನು ಕೆಳಗೆ ಇಳಿಸಿದ ಮೇಲೆ, ಬೀಜದ ಪ್ರಮಾಣವನ್ನು ಕಾಲುಭಾಗ ಹೆಚ್ಚಿಸಿ ಬಿತ್ತಬೇಕು. ಬೋದು-ಸಾಲಿನ ಬೆಳೆಗಳಲ್ಲಿ ಉಪ್ಪು ಬೋದಿನ ನೆತ್ತಿಗೆ ಏರಿ ಕೂರುತ್ತದೆ. ಬೀಜ ಊರುವ ಜಾಗ ಬೋದಿನ ಮಗ್ಗುಲು. ಹಿಂಗಾರಿ ಜೋಳದ ಬೀಜವನ್ನು ಶೇ 2ರ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಕೆಲವು ಗಂಟೆ ನೆನೆಸಿ ನೆರಳಲ್ಲಿ ಒಣಗಿಸಿ ಬಿತ್ತುವ ಪದ್ಧತಿ ಒಣಬೇಸಾಯದವರಿಗೆ ಹೊಸದಲ್ಲ. ಮೊದಲ ಗುಟುಕನ್ನು ಮನೆಯಲ್ಲೇ ಕುಡಿದು ಬಂದ ಬೀಜ ಸವಳಿನಲ್ಲೂ ಬೇಗ ಎಚ್ಚರಗೊಳ್ಳುತ್ತದೆ.

ಮಳೆ ಉಪ್ಪು ತೊಳೆದ ಜಾಗವನ್ನೇ ಹುಡುಕಿ ಬಿತ್ತುವ ವಿದ್ಯೆ ಕರಾವಳಿಯವರದು. ಕೇರಳದ ಪೊಕ್ಕಾಳಿ ಗದ್ದೆಗಳಲ್ಲಿ ಮಣ್ಣಿನ ಗುಪ್ಪೆ ಮಾಡಿ, ಮಳೆಗೆ ಅವುಗಳ ಉಪ್ಪು ಇಳಿದ ಮೇಲೆ ಮೊಳಕೆ ಕಟ್ಟಿದ ಬೀಜವನ್ನು ಗುಪ್ಪೆಯ ಮೇಲೆ ಚೆಲ್ಲಿ, ಸಸಿ ಬಲಿತ ಬಳಿಕ ಗುಪ್ಪೆ ಒಡೆದು ಸುತ್ತ ಹರಡುತ್ತಾರೆ. ನಮ್ಮ ಕುಮಟಾ ತಾಲ್ಲೂಕಿನ ಮಾಣಿಕಟ್ಟಾದಲ್ಲಿ, ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ ಕಗ್ಗ ಎಂಬ ಭತ್ತ ಉಪ್ಪು ನೀರಿನ ನಡುವೆಯೇ ಬೆಳೆಯುತ್ತದೆ. ಪೊಕ್ಕಾಳಿಯ ಮೊದಲ ವರ್ಣತಂತುವಿನಲ್ಲಿ ಗುರುತಿಸಿದ 'ಸಾಲ್ಟಾಲ್' ಎಂಬ ಭಾಗವನ್ನು ತಳಿ ವಿಜ್ಞಾನಿಗಳು ಇಂದು ಬೇರೆ ಭತ್ತಗಳಿಗೆ ಕೂಡಿಸುತ್ತಿದ್ದಾರೆ. ಎಳೆ ಸಸಿಯ ಹಂತದಲ್ಲಿ ಸೋಡಿಯಂ ತಡೆಯುವ ಗುಣ ಅದರದು. ಕರ್ನಾಲಿನ ಸಂಸ್ಥೆ ಸಿಎಸ್‌ಆರ್ 10 ಎಂಬ ಗಿಡ್ಡ ತಳಿಯಿಂದ ಮೊದಲ್ಗೊಂಡು ಸವಳು, ಕ್ಷಾರಕ್ಕೆ ಒಗ್ಗುವ ಹಲವು ಭತ್ತ ಕೊಟ್ಟಿದೆ. ಸೋನಾ ಮಸೂರಿಯ ಸಣ್ಣ ಅಕ್ಕಿಗೆ ಬೆಲೆ ಸಿಗುವ ಗಂಗಾವತಿ ಪೇಟೆಯಲ್ಲಿ ದಪ್ಪ ಅಕ್ಕಿಯ ತಳಿ ರೈತನಿಗೆ ರುಚಿಸುವುದು ಕಷ್ಟ, ಅದನ್ನೂ ಒಪ್ಪಬೇಕು.

ಕ್ಷಾರದ ನೆಲಕ್ಕೆ ಜಿಪ್ಸಂ ಮದ್ದು. ಅದರ ಕ್ಯಾಲ್ಸಿಯಂ ಮಣ್ಣಿನ ಕಣದಿಂದ ಸೋಡಿಯಮನ್ನು ಬಿಡಿಸುತ್ತದೆ. ಬಿಡಿಸಿದ ಸೋಡಿಯಂ ನೀರಿನ ಜೊತೆ ಹೊಲ ಬಿಟ್ಟು ಹೋಗಬೇಕು, ಇಲ್ಲದಿದ್ದರೆ ಹಾಕಿದ್ದು ದಂಡ. ಕ್ಷಾರವಿಲ್ಲದ ಬರೀ ಸವಳಿಗೆ ಜಿಪ್ಸಂ ಹಾಕಿ ಫಲವಿಲ್ಲ. ಅಲ್ಲಿ ಬೇಕಾದದ್ದು ನೀರು ಕಟ್ಟಿ ತೊಳೆದು ಬಸಿಯುವುದು. ಭತ್ತಕ್ಕೆ ಮುಂಚೆ ಹಸಿರುಗೊಬ್ಬರದ ಡಯಂಚ ಬೆಳೆದು ಸುಮಾರು 45ನೆಯ ದಿನಕ್ಕೆ ಮಣ್ಣಿಗೆ ಸೇರಿಸಿದರೆ ಎರಡೂ ನೆಲಕ್ಕೆ ಲಾಭ. ಕ್ಷಾರದಲ್ಲಿ ಸತು ಸಿಗದೆ ಸಸಿ ಕಂದುವುದರಿಂದ ಸತುವಿನ ಸಲ್ಫೇಟನ್ನು ಮರೆಯಬಾರದು.

ರಾಯಚೂರು ಕೃಷಿ ವಿಶ್ವವಿದ್ಯಾಲಯದ ಗಂಗಾವತಿ ಸಂಶೋಧನಾ ಕೇಂದ್ರ ಸವಳು-ಕ್ಷಾರದ ಅಖಿಲ ಭಾರತ ಯೋಜನೆಯ ನೆಲೆಗಳಲ್ಲೊಂದು. ನೆಲದಡಿ ರಂಧ್ರದ ಕೊಳವೆ ಹೂತು ಉಪ್ಪು ನೀರನ್ನು ಹೊರಗೆ ಬಸಿಯುವ ಪ್ರಯೋಗ ಅಲ್ಲಿ ನಡೆದಿದೆ. ಉಪ್ಪು ಇಳಿದಷ್ಟೂ ಮೊಳಕೆ ಹೆಚ್ಚುತ್ತದೆ. ಆದರೆ ಒಬ್ಬ ರೈತನ ಕೊಳವೆಯ ನೀರು ಪಕ್ಕದವನ ಹೊಲಕ್ಕೆ ಹೋದರೆ ರೋಗ ದಾಟಿಸಿದಂತಷ್ಟೇ. ಒಂದು ಹಳ್ಳದ ಎರಡೂ ದಂಡೆಯವರು ಸೇರಿ ಹೂಳೆತ್ತಿ, ಬಸಿಗಾಲುವೆಗಳನ್ನು ಹಳ್ಳಕ್ಕೆ ಮುಟ್ಟಿಸಬೇಕು. ನೀರಿನ ಸರದಿಗೆ ಸಂಘ ಕಟ್ಟಿಕೊಂಡ ಊರುಗಳು ಬಸಿಯುವ ನೀರಿಗೂ ಅದೇ ಸಂಘದಲ್ಲಿ ಲೆಕ್ಕ ಇಡಬಹುದು.

ಈ ಹಂಗಾಮಿಗೆ ಮಾತ್ರ ಅಷ್ಟೆಲ್ಲ ಕಾಯಲಾಗದು. ಬೋಳು ಉಳಿದ ಕಡೆ ಕೆದಕಿ ನೋಡಿ ಬೀಜ ಗಟ್ಟಿಯಾಗಿಯೇ ಇದ್ದರೆ, ನೀರು ಸಿಗುವ ಹಾಗಿದ್ದರೆ ಅಥವಾ ಮಳೆಯ ಸೂಚನೆ ಇದ್ದರೆ ಹೊಲ ಹರಗದೆ ಮೂರು ನಾಲ್ಕು ದಿನ ತಾಳಿ ನೋಡಬೇಕು. ಹೆಪ್ಪು ಕಂಡರೆ ಹಗುರವಾಗಿ ನೀರು ಚಿಮುಕಿಸಿ ಅದನ್ನು ಮೆತ್ತಗಾಗಿಸಬೇಕು. ಕೊಳೆತಿದ್ದರೆ ನಿಂತ ನೀರನ್ನು ಹೊರಬಿಡಬೇಕು. ಭತ್ತದ ಹೊಲದಲ್ಲಿ ಮತ್ತೆ ಅದೇ ಸವಳಿಗೆ ಬೀಜ ಚೆಲ್ಲುವ ಬದಲು, ಮೇಲೆ ನೀರು ಕಟ್ಟಿ ಹೊರಬಿಟ್ಟು, ಹೊಲದ ಒತ್ತಾಗಿ ಹುಟ್ಟಿದ ಕಡೆಯಿಂದ ತಿಂಗಳು ತುಂಬಿದ ಸಸಿ ಕಿತ್ತು ತಂದು ನಾಟಿ ಆ ತೇಪೆಗಳನ್ನು ತುಂಬಿಸಬಹುದು.